ಜಿಲ್ಲಾ ಶಸ್ತ್ರಚಿಕಿತ್ಸಕರೇ, ರಾತ್ರಿ ಲ್ಯಾಬಿನ ಮಾತು ಏನಾಯಿತು?



ತಮಗೆ ಮನವಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ, ಜ್ಞಾಪನ ಪತ್ರವನ್ನೂ ಬರೆದೆ. ಉತ್ತರ ಬರಲಿಲ್ಲ. ಹಾಗಾಗಿ ಎಲ್ಲರೆದುರೇ ಕೇಳುತ್ತಿದ್ದೇನೆ.

ನಮ್ಮಣ್ಣನ ವಿಷಯ ಊರಿಗೇ ಗೊತ್ತು. ಲಕ್ವ ಹೊಡೆದಾಗ ನಾಲ್ಕೂವರೆ ಗಂಟೆಯ ಗಡುವಿನೊಳಗೇ ಕರೆತಂದೆವು. ಸ್ಕ್ಯಾನ್ ಮಾಡಿ, ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಕೊಟ್ಟರು. ಅದು ಸರಿಯಾದ ಚಿಕಿತ್ಸೆಯೇ, ದೂರಿಲ್ಲ. ರಾತ್ರಿ ತಲೆನೋವು, ವಾಂತಿ ಶುರುವಾಯಿತು. ಮತ್ತೆ ಸ್ಕ್ಯಾನ್ ಮಾಡಿದರೆ ಮಿದುಳಿನಲ್ಲಿ ರಕ್ತಸ್ರಾವ. ಡ್ಯೂಟಿ ಡಾಕ್ಟರು, ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಪರೀಕ್ಷೆಗೆ ರಕ್ತ ತೆಗೆಸಿದರು. ನೀಲಿ ಮುಚ್ಚಳದ ಆ ಟ್ಯೂಬು, ಪ್ಲಾಸ್ಟರಿನ ಮೇಲೆ ಪೆನ್ನಿನಲ್ಲಿ ಗೀಚಿದ ಅಣ್ಣನ ಹೆಸರು ಹೊತ್ತು, ಬೆಳಗಿನವರೆಗೂ ಸಿಸ್ಟರ್ ಮೇಜಿನ ಟ್ರೇಯಲ್ಲೇ ಇತ್ತು. ರಾತ್ರಿ ಅದನ್ನು ಮಾಡುವವರಿಲ್ಲವಂತೆ.

"ಒಂದು ತಿಂಗಳೊಳಗೆ ರಾತ್ರಿಯೂ ಈ ಪರೀಕ್ಷೆ ಮಾಡಿಸ್ತೀನಿ, ನನ್ನ ಮಾತು" ಎಂದು ತಮ್ಮ ಕೊಠಡಿಯಲ್ಲಿ ತಾವೇ ಅಂದಿರಿ. ತಿಂಗಳು ಕಳೆದು ಎಷ್ಟೋ ಕಾಲವಾಯಿತು.

ಇಂಜೆಕ್ಷನ್ ನಂತರದ ರಕ್ತಸ್ರಾವ ಅನಿರೀಕ್ಷಿತ ಗಂಡಾಂತರವೇನಲ್ಲ. 1995ರ ಅಮೆರಿಕದ ಅಧ್ಯಯನದಲ್ಲೇ ಈ ಔಷಧ ಪಡೆದ 100ರಲ್ಲಿ ಸುಮಾರು 6 ಮಂದಿಗೆ ಇಂಥ ರಕ್ತಸ್ರಾವವಾಗಿತ್ತು. ಔಷಧ ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಇಳಿದುಹೋಗುತ್ತದೆ. ಅದು ಕರಗಿಸಿದ ಫೈಬ್ರಿನೋಜನ್ ಅಷ್ಟು ಬೇಗ ತುಂಬಿಕೊಳ್ಳುವುದಿಲ್ಲ. ಸ್ರಾವವಾದಾಗ ಅದನ್ನು ತುಂಬಲು ಕ್ರಯೋಪ್ರೆಸಿಪಿಟೇಟ್ ಕೊಡುತ್ತಾರೆ. ಫೈಬ್ರಿನೋಜನ್ ಡೆಸಿಲೀಟರಿಗೆ 150 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಇನ್ನಷ್ಟು ಕೊಡಬೇಕು. ಅಳೆಯದೆ ಕಡಿಮೆಯೆಂದು ತಿಳಿಯುವುದು ಹೇಗೆ? ಪರೀಕ್ಷೆ ಆಗಿದ್ದರೆ ಅಣ್ಣ ಇಂದು ನಡೆದಾಡುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಎಲ್ಲ ರೋಗಿಗಳಿಗೂ ಗಂಟೆಗೊಮ್ಮೆ ರಕ್ತ ತೆಗೆಯಿರಿ ಎಂದೂ ಕೇಳುತ್ತಿಲ್ಲ. ಸ್ರಾವದ ಸಂಶಯ ಬಂದ ಆ ಗಳಿಗೆಯಲ್ಲಿ ಒಂದು ಪರೀಕ್ಷೆ ಮಾಡಿ ಎನ್ನುತ್ತಿದ್ದೇನೆ, ಅಷ್ಟೇ.

ನೀವೇ ಕೊಟ್ಟ ಮಾತದು. ಈಗ ಫೋನ್ ಮಾಡಿದರೆ "ಸಾಹೇಬರು ಮೀಟಿಂಗಿನಲ್ಲಿದ್ದಾರೆ." ಪರೀಕ್ಷೆಯ ಮಾತು ಹಾಗಿರಲಿ, ಇಂಜೆಕ್ಷನ್ ಆದ ಮೊದಲ ಎರಡು ಗಂಟೆ 15 ನಿಮಿಷಕ್ಕೊಮ್ಮೆ, ಮುಂದಿನ ಆರು ಗಂಟೆ ಅರ್ಧ ಗಂಟೆಗೊಮ್ಮೆ ಬಿಪಿ ನೋಡಬೇಕು. ಇಡೀ ವಾರ್ಡಿಗೆ ರಾತ್ರಿ ಒಬ್ಬರೇ ಸಿಸ್ಟರ್ ಇಟ್ಟರೆ ನೋಡುವವರು ಯಾರು? ಕಟ್ಟಡಕ್ಕೆ ಟೇಪು ಕತ್ತರಿಸಲು ಜನ ಸಿಗುತ್ತಾರೆ, ರಾತ್ರಿ ಪಾಳಿಗೆ ಟೆಕ್ನಿಷಿಯನ್ ಮಾತ್ರ ಸಿಗುವುದಿಲ್ಲ! ಬಡವರಿಗೆ ಇಷ್ಟು ಸಾಕು ಎಂದುಕೊಂಡಿರೇನು?

ಓದುಗರೇ, ಇದನ್ನು ಓದಿ ಇಂಜೆಕ್ಷನ್ ಬೇಡವೆನ್ನಬೇಡಿ. ಲಕ್ವದ ಲಕ್ಷಣ ಕಂಡೊಡನೆ ಆಸ್ಪತ್ರೆಗೆ ಓಡಿ.

ನಿಮ್ಮಿಂದ ಇನ್ನೊಂದು ಭರವಸೆ ನನಗೆ ಬೇಡ. ರಾತ್ರಿ ಪರೀಕ್ಷೆ ಯಾವ ದಿನದಿಂದ ಶುರು ಎಂದು ತಾರೀಕು ಬರೆದು, ಸಹಿ ಹಾಕಿ, ಲ್ಯಾಬಿನ ಬಾಗಿಲಿಗೆ ಅಂಟಿಸಿ.

ಇಂತಿ,
ನಿಮ್ಮ ಆಸ್ಪತ್ರೆಯ ರೋಗಿಯೊಬ್ಬರ ತಮ್ಮ