ಚಲನಚಿತ್ರದ ಮೂಲಪಾಠ

ತಾಳೆಗರಿಯ ಪ್ರತಿಗಳಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಅದನ್ನು ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ದಾಖಲಿಸುವ ಶಿಸ್ತು ಕನ್ನಡ ವಿದ್ವತ್ತಿನಲ್ಲಿ ಬೇರೂರಿದೆ. ಚಲನಚಿತ್ರವೊಂದರ ಇಡೀ ದೃಶ್ಯಸ್ವರೂಪವೇ ಬದಲಾದಾಗ ಮಾತ್ರ ಈ ಶಿಸ್ತು ಎಚ್ಚರಗೊಳ್ಳುವುದಿಲ್ಲ. ಮೂಲ ಎಲ್ಲಿದೆಯೆಂದು ಕೇಳುವ ಕೆಲಸ ಅಭಿಮಾನಿ ಪ್ರೇಕ್ಷಕರ ಪಾಲಿಗೆ ಉಳಿದಿದೆ.

ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ ‘ಸತ್ಯ ಹರಿಶ್ಚಂದ್ರ’ 1965ರಲ್ಲಿ ಕಪ್ಪು-ಬಿಳುಪಿನಲ್ಲಿ ತೆರೆಕಂಡಿತು. 2008ರಲ್ಲಿ ಗಣಕಯಂತ್ರದ ನೆರವಿನಿಂದ ಬಣ್ಣ ತುಂಬಿಸಿಕೊಂಡು ಮರಳಿ ಬಂದಿತು. ದೊರೆ-ಭಗವಾನ್ ಅವರ ‘ಕಸ್ತೂರಿ ನಿವಾಸ’ (1971) 2014ರಲ್ಲಿ ಅದೇ ಹಾದಿ ಹಿಡಿಯಿತು. ಹೊಸ ಪೀಳಿಗೆಯನ್ನು ಹಳೆಯ ಚಿತ್ರದತ್ತ ಸೆಳೆದ ಈ ಪ್ರಯತ್ನಗಳನ್ನು ಹಗುರವಾಗಿ ಕಾಣಬೇಕಿಲ್ಲ. ಆಕ್ಷೇಪ ಬಣ್ಣದ ಮೇಲಲ್ಲ. ಮೂಲವನ್ನು ಅಷ್ಟೇ ಸ್ವಚ್ಛವಾದ ಪ್ರತಿಯಲ್ಲಿ ನೋಡಬಯಸುವವರಿಗೆ ದೊರೆಯುವುದು ಬಹುಮಟ್ಟಿಗೆ ಮಸುಕಾದ, ಗೀರುಬಿದ್ದ ನಕಲುಗಳು ಎಂಬುದರ ಮೇಲೆ. ಬಣ್ಣ ತುಂಬುವ ಮುನ್ನ ಹಳೆಯ ಫಿಲ್ಮನ್ನು ಚೌಕಟ್ಟು ಚೌಕಟ್ಟಾಗಿ ಡಿಜಿಟಲ್ ರೂಪಕ್ಕೆ ತಂದು, ಕಲೆ ಗೀರುಗಳನ್ನು ತೆಗೆಯಲೇಬೇಕಾಗುತ್ತದೆ. ಅಂದರೆ ಶುದ್ಧವಾದ ಕಪ್ಪು-ಬಿಳುಪಿನ ಪ್ರತಿ ಆ ಕೆಲಸದ ನಡುವೆ ತಾನಾಗಿಯೇ ಸಿದ್ಧವಾಗುತ್ತದೆ. ಅದನ್ನೂ ಜೊತೆಗೆ ಹೊರತರಲು ಖರ್ಚು ಅಡ್ಡಿಯೆಂಬ ವಾದ ಆದ್ದರಿಂದ ನಿಲ್ಲುವಂಥದಲ್ಲ.

ಸುಡುಗಾಡಿನ ದೃಶ್ಯವನ್ನೇ ಗಮನಿಸಬಹುದು. ವೀರಬಾಹುಕನ ಆಳಾಗಿ ನಿಂತ ಅರಸನ ಸುತ್ತಲಿನ ಕತ್ತಲು 1965ರ ಛಾಯಾಗ್ರಹಣದಲ್ಲಿ ಬೆಳಕು-ನೆರಳುಗಳ ಲೆಕ್ಕಾಚಾರದಿಂದ ಹುಟ್ಟಿದ್ದು. ಆ ಕತ್ತಲಿಗೆ ಯಾವ ಬಣ್ಣವೆಂಬುದನ್ನು ನಾಲ್ಕು ದಶಕಗಳ ತರುವಾಯ ಬೇರೆ ಕೈಗಳು ತೀರ್ಮಾನಿಸಿದವು. ಅದೊಂದು ವ್ಯಾಖ್ಯಾನ, ವ್ಯಾಖ್ಯಾನವಿದ್ದ ಮಾತ್ರಕ್ಕೆ ಮೂಲ ಬೇಡವೆನ್ನಲಾಗದು. ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ತೀ.ನಂ.ಶ್ರೀ. ಅವರ ಹಿಂದಿನ ತಲೆಮಾರಿನ ಟಿ.ಎಸ್. ವೆಂಕಣ್ಣಯ್ಯ ಮತ್ತು ಎ.ಆರ್. ಕೃಷ್ಣಶಾಸ್ತ್ರಿಗಳು ಸಂಗ್ರಹಿಸಿಕೊಟ್ಟರು. ಸಂಗ್ರಹ ಬಂದಿತೆಂದು ಪೂರ್ಣಕಾವ್ಯವನ್ನು ಯಾರೂ ಬೀಗ ಹಾಕಿ ಇಡಲಿಲ್ಲ.

ಹರಪನಹಳ್ಳಿ ಸೀಮೆಯ ಅರಸೀಕೆರೆಯಂಥ ಊರಿನ ಬಯಲಾಟದ ಪ್ರೇಕ್ಷಕ ಇಲ್ಲೊಂದು ಪ್ರಶ್ನೆ ಎತ್ತಬಲ್ಲ. ಆಟ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ, ಅದಕ್ಕೆಲ್ಲಿಯ ಮೂಲ? ಪ್ರಶ್ನೆ ಸಮಂಜಸವೇ. ಆದರೆ ಬದಲಾವಣೆ ಬಯಲಾಟದ ಜೀವ, ಅದು ನೋಡುವವರ ಕಣ್ಣೆದುರೇ ನಡೆಯುತ್ತದೆ. ಚಿತ್ರವಾದರೋ ಒಮ್ಮೆ ಅಚ್ಚಾದ ಪಾಠ. ಅದನ್ನು ತಿದ್ದಿದ ಮೇಲೂ ಹೆಸರು ಹಳೆಯದೇ ಆಗಿರುತ್ತದೆ, ಹಿಂದಿನದು ಸದ್ದಿಲ್ಲದೆ ಸರಿದುಹೋಗುತ್ತದೆ.

ಅಮೆರಿಕದ ಜಾರ್ಜ್ ಲೂಕಾಸ್ 1988ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಚಿತ್ರಗಳ ಮೂಲರೂಪವನ್ನು ಕೆಡಿಸುವುದರ ವಿರುದ್ಧ ಸಾಕ್ಷ್ಯ ನುಡಿದರು. ಅವರೇ 1997ರಲ್ಲಿ ತಮ್ಮ ‘ಸ್ಟಾರ್ ವಾರ್ಸ್’ (1977) ಚಿತ್ರವನ್ನು ತಿದ್ದಿ ಬಿಡುಗಡೆ ಮಾಡಿದರು. ಮೊದಲಿನ ರೂಪಕ್ಕಾಗಿ ಅಭಿಮಾನಿಗಳು ದಶಕಗಳ ಕಾಲ ಮೊರೆಯಿಟ್ಟರು. ಕರ್ತೃವೇ ತಿದ್ದಿದಾಗಲೂ ಪರಿಸ್ಥಿತಿ ಹೀಗಿರುವಾಗ, ಹಕ್ಕುದಾರರು ತಿದ್ದಿಸಿದಾಗ ಕೇಳುವುದೇನು!

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಚಿತ್ರದ ಕರ್ತೃವೆಂದರೆ ನಿರ್ಮಾಪಕ. ಹಕ್ಕಿನ ಅವಧಿ ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ. 1965ರ ಚಿತ್ರಕ್ಕೆ ಅದು 2025ರ ಕೊನೆಯವರೆಗಿನ ಎಣಿಕೆ. ಆದರೆ ಹಕ್ಕು ಮುಕ್ತವಾದರೂ ಫಿಲ್ಮು ಕೈಗೆ ಬರುವುದಿಲ್ಲ. ಡಬ್ಬಿಯೊಳಗಿನ ಅಸಿಟೇಟ್ ಸುರುಳಿ ಸೆಖೆ, ತೇವಗಳಿಗೆ ಹುಳಿವಾಸನೆ ಹಿಡಿದು ಮುರುಟಿಕೊಳ್ಳುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಇಂದು ನೋಡಲು ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದೇ 1964ರಲ್ಲಿ.

ಹಕ್ಕುದಾರರು ಮನಸ್ಸು ಬದಲಿಸುವವರೆಗೆ ಕನ್ನಡ ವಿಭಾಗಗಳು ಕಾಯಬೇಕಾಗಿಲ್ಲ. ‘ಸತ್ಯ ಹರಿಶ್ಚಂದ್ರ’ವನ್ನು ಕುರಿತ ಸಂಶೋಧನ ಲೇಖನವೊಂದು ತಾನು ಆಧರಿಸಿದ್ದು 1965ರ ಪಾಠವನ್ನೋ 2008ರದನ್ನೋ ಎಂಬುದನ್ನು ಮೊದಲ ಪುಟದಲ್ಲೇ ನಮೂದಿಸಬೇಕೆಂದು ಮಾರ್ಗದರ್ಶಕರು ನಾಳೆಯಿಂದಲೇ ಕೇಳಬಹುದು.