ಬೀಜದ ಹೋರಿಯೂ ತಾಯಿಯ ವಂಶವೂ

ಬೀಜದ ಹೋರಿಯನ್ನು ಕೊಳ್ಳುವವನು ಹಿಣಿಲು, ಕೋಡು, ನಡಿಗೆ, ಸುಳಿ ಎಲ್ಲವನ್ನೂ ನೋಡುವನು. ಅದನ್ನು ಈದ ಹಸುವನ್ನು ನೋಡಿದೆಯಾ ಎಂದು ಕೇಳಿದರೆ ಸುಮ್ಮನಾಗುವನು. ಇದು ನಮ್ಮ ಜಾತ್ರೆಗಳಲ್ಲಿ ಮಾತ್ರ ಕಾಣುವ ಲೋಪವೆಂದು ವಾಚಕರು ಎಣಿಸಬೇಕಾದುದಿಲ್ಲ. ಮಾಂಸಕ್ಕಾಗಿಯೇ ದನಗಳನ್ನು ಬೆಳೆಸಿ, ಅದನ್ನೊಂದು ಶಾಸ್ತ್ರವನ್ನಾಗಿ ಮಾಡಿಕೊಂಡ ಇಂಗ್ಲೆಂಡು ಅಮೆರಿಕಗಳವರೂ ಇಲ್ಲಿ ಎಡವಿದವರೇ. ಅವರ ಉದ್ದೇಶವು ನಮ್ಮಲ್ಲಿ ಅನೇಕರಿಗೆ ಒಪ್ಪಿಗೆಯಾಗದಿರಬಹುದು. ಅವರು ನಷ್ಟಪಟ್ಟು ಕಲಿತುದನ್ನು ನಾವು ಪುಕ್ಕಟೆಯಾಗಿ ಕಲಿಯುವುದಕ್ಕೆ ಅದು ಅಡ್ಡಿಯಾಗಬೇಕಿಲ್ಲ.

1940ರ ದಶಕದಲ್ಲಿ ಅಮೆರಿಕದ ದನಗಳ ಪ್ರದರ್ಶನಗಳಲ್ಲಿ ಗಿಡ್ಡ ಕಾಲಿನ, ತೋರ ಮೈಯ ಹೆರೆಫೋರ್ಡ್ ಹೋರಿಗಳಿಗೇ ಬಹುಮಾನ. ಎಲ್ಲರೂ ಅವುಗಳ ಸಂತತಿಯನ್ನೇ ಬಯಸಿದರು. ಕೆಲವು ವರ್ಷಗಳಲ್ಲಿ ಹಿಂಡುಹಿಂಡುಗಳಲ್ಲಿ ಕುಬ್ಜ ಕರುಗಳು ಹುಟ್ಟತೊಡಗಿದವು: ಉಬ್ಬಿದ ಹಣೆ, ಊದಿದ ಹೊಟ್ಟೆ, ಗೊರಗೊರ ಉಸಿರು. ದೋಷವು ತಂದೆತಾಯಿಗಳಿಬ್ಬರಲ್ಲಿಯೂ ಅಡಗಿದ್ದರೆ ಮಾತ್ರ, ಸುಮಾರು ನಾಲ್ಕು ಕರುಗಳಲ್ಲಿ ಒಂದರಲ್ಲಿ, ಹೊರಬೀಳತಕ್ಕದ್ದು; ಅದನ್ನು ಹೊತ್ತ ಹೋರಿಯಾದರೋ ನೋಡುವುದಕ್ಕೆ ಸರ್ವಲಕ್ಷಣಸಂಪನ್ನ. ತೀರ್ಪುಗಾರರ ಕಣ್ಣಿಗೆ ಹಬ್ಬವಾದುದೇ ಒಕ್ಕಲಿಗನ ಕೊಟ್ಟಿಗೆಗೆ ಶನಿಯಾಯಿತು. ಕೆಲವರು ಹೆಸರು ಕೆಟ್ಟೀತೆಂದು ಕುಬ್ಜ ಕರುಗಳ ಸುದ್ದಿಯನ್ನೇ ಮುಚ್ಚಿಟ್ಟರು. ಕಡೆಗೆ ವಂಶಾವಳಿಗಳನ್ನು ಜಾಲಾಡಿ, ಕುಬ್ಜ ಕರುಗಳನ್ನು ಈದ ಹಸುಗಳೊಡನೆ ಹೋರಿಗಳನ್ನು ಕೂಡಿಸಿ ಪರೀಕ್ಷಿಸಿ, ದೋಷವುಳ್ಳವುಗಳನ್ನು ತೆಗೆದುಹಾಕಬೇಕಾಯಿತು.

ಹಾಗೆಂದು ತಾಯಿಯ ವಂಶದ ಬರಿಯ ಹೆಸರಿಗೆ ಮರುಳಾದರೂ ಗತಿ ಅದೇ. ಇಂಗ್ಲೆಂಡಿನ ಥಾಮಸ್ ಬೇಟ್ಸನು ಬೆಳೆಸಿದ 'ಡಚೆಸ್' ಎಂಬ ಶಾರ್ಟ್‌ಹಾರ್ನ್ ಹಸುಗಳ ಕೀರ್ತಿ ಎಷ್ಟಿತ್ತೆಂದರೆ, 1873ರಲ್ಲಿ ನ್ಯೂಯಾರ್ಕ್ ಮಿಲ್ಸ್ ಎಂಬಲ್ಲಿ ನಡೆದ ಹರಾಜಿನಲ್ಲಿ ಅವುಗಳಲ್ಲೊಂದು 40,600 ಡಾಲರುಗಳಿಗೆ ಹೋಯಿತು. ರಕ್ತ ಬೆರೆಯಬಾರದೆಂದು ಹತ್ತಿರದ ನಂಟಿನೊಳಗೇ ಕೂಡಿಸುತ್ತ ಬಂದುದರಿಂದ ಅವು ಗಬ್ಬವೇ ನಿಲ್ಲದಂತಾಗಿ ವಂಶವೇ ನಂದಿಹೋಯಿತು. ಗಬ್ಬ ನಿಲ್ಲದ ಹಸುವಿಗೆ ರಾಣಿಯ ಬಿರುದಿದ್ದು ಫಲವೇನು? ಸ್ಕಾಟ್ಲೆಂಡಿನ ಹ್ಯೂ ವಾಟ್ಸನನ ಕರಿಯ ಹಸು 'ಓಲ್ಡ್ ಗ್ರ್ಯಾನಿ' 1824ರಲ್ಲಿ ಹುಟ್ಟಿ, 1859ರವರೆಗೆ ಬಾಳಿ, 29 ಕರು ಹಾಕಿತೆಂದು ಹೇಳುತ್ತಾರೆ. ಆಂಗಸ್ ಜಾತಿಯವರು ಇಂದಿಗೂ ಅದರ ಹೆಸರು ಹೇಳುವುದು ಇದಕ್ಕಾಗಿ.

ಹಸು ವರ್ಷಕ್ಕೊಂದು ಕರು ಹಾಕಿದರೆ ಹೋರಿಯು ಹತ್ತಾರು ಕರುಗಳಿಗೆ ತಂದೆ. ಕೃತಕ ಗರ್ಭಧಾರಣೆಯ ಈ ಕಾಲದಲ್ಲಿ ಸಾವಿರಾರಕ್ಕೆ. ಆದುದರಿಂದ ಹೋರಿಯೇ ಮುಖ್ಯವೆಂದು ವಾದಿಸುವವರುಂಟು. ನಾವಾದರೋ ಅದೇ ಕಾರಣದಿಂದ ಅದರ ತಾಯಿ ಮುಖ್ಯವೆನ್ನುತ್ತೇವೆ. ಇಂದಿನ ಹೋರಿಯ ಹೆಣ್ಣುಗರುಗಳೇ ನಾಳಿನ ಹಿಂಡು. ಅವುಗಳ ಕೆಚ್ಚಲು, ಹಾಲು, ಸುಲಭವಾಗಿ ಈಯುವ ಗುಣ, ಸಾಧುಸ್ವಭಾವ, ಇವೊಂದೂ ಹೋರಿಯ ಮೈಮೇಲೆ ಬರೆದಿರುವುದಿಲ್ಲ. ಅದರ ತಾಯಿಯನ್ನೂ ಅಕ್ಕತಂಗಿಯರನ್ನೂ ಕಂಡೇ ಊಹಿಸಬೇಕು. ಅದರ ಹೆಣ್ಣುಗರುಗಳು ಈದಮೇಲೆ ಊಹೆಯನ್ನು ತಿದ್ದಿಕೊಳ್ಳಬೇಕು.

ನಮ್ಮ ಅಮೃತಮಹಲ್, ಹಳ್ಳಿಕಾರ್ ತಳಿಗಳು ದುಡಿಮೆಯ ದನಗಳು; ಆದರೂ ನ್ಯಾಯ ಒಂದೇ. 1860ರಲ್ಲಿ ಖರ್ಚು ಹೆಚ್ಚೆಂದು ಅಮೃತಮಹಲ್ ಹಿಂಡನ್ನು ಅಂದಿನ ಆಳುವವರು ಮಾರಿದರು; 1866ರಲ್ಲಿ ಮತ್ತೆ ಕಟ್ಟಹೊರಟಾಗ ಸಾವಿರಾರು ಹಸುಗಳನ್ನು ಕೂಡಿಹಾಕಬೇಕಾಯಿತು. ಹೋರಿಯನ್ನು ಒಂದು ದಿನದಲ್ಲಿ ಕೊಳ್ಳಬಹುದು, ಹಸುಗಳ ಸಾಲು ಹಾಗೆ ಬರುವುದಲ್ಲ. ಇಂದು ಹಳ್ಳಿಕಾರ್ ಹೋರಿಗೆ ಜಾತ್ರೆಯಲ್ಲಿ ಲಕ್ಷಗಟ್ಟಲೆ ಬೆಲೆ ಕೂಗುತ್ತಾರೆ. ಪತ್ರಿಕೆಗಳವರಾದ ನಾವೂ ಚಿತ್ರಸಹಿತ ಅಚ್ಚು ಹಾಕುತ್ತೇವೆ. ಆ ಹೋರಿಯ ತಾಯಿ ಎಷ್ಟು ಸಲ ಈಯಿತು, ಒಂದು ಸೂಲಿಗೂ ಇನ್ನೊಂದಕ್ಕೂ ಎಷ್ಟು ತಿಂಗಳು, ಎಷ್ಟು ಕರುಗಳು ಉಳಿದವು ಎಂಬುದನ್ನು ಬರೆದಿಡುವ ಒಂದು ಪುಸ್ತಕವನ್ನು ಪಶುವೈದ್ಯಶಾಲೆಗಳಲ್ಲಿ ಊರುವಾರಾಗಿ ಇಡಿಸಬೇಕೆಂದು ಪಶುಪಾಲನಾ ಇಲಾಖೆಯವರನ್ನು ಕೇಳುತ್ತೇವೆ. ಪ್ರದರ್ಶನಗಳಲ್ಲಿ ಹೋರಿಗೆ ಬಹುಮಾನ ಕೊಡುವ ಮೊದಲು ಆ ಪುಸ್ತಕವನ್ನು ತರಿಸಿ ನೋಡುವುದನ್ನು ಈ ವರ್ಷದಿಂದಲೇ ಆರಂಭಿಸಬಹುದು. ಅದಕ್ಕೆ ಹೊಸ ಕಾನೂನೂ ಬೇಕಿಲ್ಲ, ಹೆಚ್ಚಿನ ಹಣವೂ ಬೇಕಿಲ್ಲ.