‘ಸರ್ವರ್ ಇಲ್ಲ’ ಎಂಬ ಉತ್ತರ ಮತ್ತು ಭೂದಾಖಲೆಗಳ ಸುರಕ್ಷತೆ: ಒಂದು ವಿಶ್ಲೇಷಣೆ

1. ಪೀಠಿಕೆ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವು ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡಿರುತ್ತದೆ. ರಾಜ್ಯದ ಇತರೆಡೆಗಳಂತೆ ಈ ತಾಲ್ಲೂಕುಗಳಲ್ಲಿಯೂ ಸಾರ್ವಜನಿಕರು ಪಹಣಿ, ಹಕ್ಕು ಬದಲಾವಣೆ ಪ್ರತಿ, ಜಾತಿ ಹಾಗೂ ಆದಾಯ ಪ್ರಮಾಣ ಪತ್ರಗಳಿಗಾಗಿ ನಾಡಕಚೇರಿ ಮತ್ತು ತಾಲ್ಲೂಕು ಕಚೇರಿಗಳನ್ನು ಅವಲಂಬಿಸಿದ್ದಾರೆ. ಇಂತಹ ಕಚೇರಿಗಳಲ್ಲಿ ಅರ್ಜಿದಾರರು ಒಮ್ಮೆಯಾದರೂ ಕೇಳಿರುವ ಮಾತು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬುದಾಗಿದೆ. ಚನ್ನರಾಯನದುರ್ಗದ ಬೆಟ್ಟದ ತಪ್ಪಲಿನ ಗ್ರಾಮಗಳಿಂದ ಬಸ್ಸು ಹಿಡಿದು ಬರುವ ಕೃಷಿ ಕಾರ್ಮಿಕನಿಗೆ ಈ ಮಾತಿನಿಂದ ಆಗುವ ನಷ್ಟ ಒಂದು ದಿನದ ಕೂಲಿ. ಬೆಳೆ ವಿಮೆಯ ಅಥವಾ ಕಾಲೇಜು ಪ್ರವೇಶದ ಕೊನೆಯ ದಿನವಾಗಿದ್ದಲ್ಲಿ ನಷ್ಟ ಅದಕ್ಕಿಂತ ಹೆಚ್ಚಿನದು.

ಈ ಸಂದರ್ಭದಲ್ಲಿ ಅರ್ಜಿದಾರರಲ್ಲಿ ಎರಡು ಪ್ರಶ್ನೆಗಳು ಮೂಡುವುದು ಸಹಜ. ಜಮೀನಿನ ದಾಖಲೆ ಸುರಕ್ಷಿತವಾಗಿದೆಯೇ ಎಂಬುದು ಮೊದಲನೆಯದು. ವಿಳಂಬದ ಹೊಣೆ ಯಾರದು ಎಂಬುದು ಎರಡನೆಯದು. ಸರ್ವರ್‌ನಲ್ಲಿ ದಾಖಲೆಗಳನ್ನು ಸಂಗ್ರಹಿಸುವ ಕ್ರಮವನ್ನು ತಿಳಿದುಕೊಂಡಲ್ಲಿ ಈ ಪ್ರಶ್ನೆಗಳಿಗೆ ಬೇರೆ ಬೇರೆ ಉತ್ತರಗಳಿರುವುದು ಸ್ಪಷ್ಟವಾಗುತ್ತದೆ.

2. ತಾಲ್ಲೂಕಿನ ಕೊಠಡಿಯಿಂದ ದತ್ತಾಂಶ ಕೇಂದ್ರಕ್ಕೆ

ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳನ್ನು ಗಣಕೀಕರಿಸಲಾಯಿತು. 2002ರ ವೇಳೆಗೆ ರಾಜ್ಯದ ತಾಲ್ಲೂಕುಗಳಲ್ಲಿ ಪಹಣಿ ವಿತರಣಾ ಕೇಂದ್ರಗಳು ಕಾರ್ಯಾರಂಭ ಮಾಡಿದವು. ಅಂದು ಒಂದು ಪಹಣಿಯ ಶುಲ್ಕ 15 ರೂಪಾಯಿ. ಗಣಕೀಕರಣ ಪೂರ್ಣಗೊಂಡ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯನ್ನು ಅಮಾನ್ಯಗೊಳಿಸಲಾಯಿತು. ಈ ಕೊನೆಯ ಕ್ರಮದ ಮಹತ್ವವನ್ನು ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕು. ಅಂದಿನಿಂದ ಡಿಸ್ಕ್‌ನಲ್ಲಿರುವ ನಮೂದೇ ಚಾಲ್ತಿ ದಾಖಲೆಯಾಗಿದ್ದು, ಅದಕ್ಕೆ ಸಮಾನಾಂತರವಾಗಿ ಕೈಬರಹದ ವಹಿ ಮುಂದುವರಿದಿಲ್ಲ. ಆದ್ದರಿಂದ ಡಿಸ್ಕ್‌ನ ಸುರಕ್ಷತೆ ಎಂಬುದು ಕೇವಲ ತಾಂತ್ರಿಕ ವಿಷಯವಾಗಿರದೆ ಭೂಹಿಡುವಳಿದಾರರ ಹಿತಕ್ಕೆ ಸಂಬಂಧಿಸಿದ ವಿಷಯವಾಗಿದೆ.

ಆ ದಿನಗಳಲ್ಲಿ ಸರ್ವರ್ ಆಯಾ ತಾಲ್ಲೂಕು ಕಚೇರಿಯಲ್ಲಿಯೇ ಇತ್ತು. ಪಾವಗಡದ ಸರ್ವರ್ ಕೆಟ್ಟರೆ ಪಾವಗಡದ ಪಹಣಿ ವಿತರಣೆ ನಿಲ್ಲುತ್ತಿತ್ತು, ಶಿರಾದಲ್ಲಿ ಕೆಲಸ ಎಂದಿನಂತೆ ನಡೆಯುತ್ತಿತ್ತು. ನಂತರದ ವರ್ಷಗಳಲ್ಲಿ ದಾಖಲೆಗಳನ್ನು ಬೆಂಗಳೂರಿನಲ್ಲಿ ಕೇಂದ್ರೀಕರಿಸಿ ಜಾಲದ ಮೂಲಕ ಸಂಪರ್ಕ ಒದಗಿಸಲಾಯಿತು. ಹೋಬಳಿ ಮಟ್ಟದಲ್ಲಿ 2006ರಲ್ಲಿ ಆರಂಭವಾದ ನೆಮ್ಮದಿ ಕೇಂದ್ರಗಳ ಸ್ಥಾನದಲ್ಲಿ 2012ರ ಡಿಸೆಂಬರ್‌ನಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು. ಕೇಂದ್ರೀಕರಣದಿಂದ ತಜ್ಞ ಸಿಬ್ಬಂದಿ, ಸತತ ವಿದ್ಯುತ್ ಮತ್ತು ಉತ್ತಮ ಉಪಕರಣಗಳ ರಕ್ಷಣೆ ದೊರೆಯಿತು. ಇದರೊಂದಿಗೆ, ಒಂದು ಕಡೆಯ ದೋಷ ಎಲ್ಲ ಕಡೆಯ ಕೆಲಸವನ್ನು ನಿಲ್ಲಿಸಬಲ್ಲ ಸ್ಥಿತಿಯೂ ಬಂದಿತು.

3. ಯುನಿಕ್ಸ್ ಸರ್ವರ್‌ನಲ್ಲಿ ಸಾಧನಗಳ ನಿರ್ವಹಣೆ

ಮೊದಲ ಹಂತದ ತಾಲ್ಲೂಕು ಸರ್ವರ್‌ಗಳು ವಿಂಡೋಸ್ ವ್ಯವಸ್ಥೆಯಲ್ಲಿ ಕಾರ್ಯನಿರ್ವಹಿಸುತ್ತಿದ್ದವು. ಜಗತ್ತಿನ ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಯುನಿಕ್ಸ್ ಮತ್ತು ಅದೇ ಮಾದರಿಯ ಲಿನಕ್ಸ್ ವ್ಯವಸ್ಥೆಗಳ ಬಳಕೆ ವ್ಯಾಪಕವಾಗಿದೆ. ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರಿಂದ ರೂಪುಗೊಂಡಿತು. ಭಾರತ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶ ಅಳವಡಿಕೆಯ ನೀತಿಯನ್ನು ಪ್ರಕಟಿಸಿದ್ದು, ಲಿನಕ್ಸ್ ಸಹ ಮುಕ್ತ ತಂತ್ರಾಂಶವೇ ಆಗಿದೆ. ಸಂಗ್ರಹಣೆಯ ತತ್ವಗಳನ್ನು ಈ ವ್ಯವಸ್ಥೆಯ ಮೂಲಕ ಸುಲಭವಾಗಿ ವಿವರಿಸಬಹುದು.

ಯುನಿಕ್ಸ್‌ನಲ್ಲಿ ಡಿಸ್ಕ್, ಟೇಪ್, ಮುದ್ರಕ ಮುಂತಾದ ಸಾಧನಗಳು ಕಡತಗಳ ರೂಪದಲ್ಲಿಯೇ ಗೋಚರಿಸುತ್ತವೆ. ಇವುಗಳನ್ನು ‘ಡೆವ್’ ಎಂಬ ಕೋಶದಲ್ಲಿ ಕಾಣಬಹುದು. ಡಿಸ್ಕ್ ಜೋಡಿಸಿದ ಮಾತ್ರಕ್ಕೆ ಅದರಲ್ಲಿರುವ ದಾಖಲೆಗಳು ಲಭ್ಯವಾಗುವುದಿಲ್ಲ. ಆ ಡಿಸ್ಕ್ ಅನ್ನು ನಿಗದಿತ ಕೋಶಕ್ಕೆ ಸೇರಿಸುವ ‘ಮೌಂಟ್’ ಕ್ರಿಯೆ ನಡೆಯಬೇಕು. ಸರ್ವರ್ ಪುನಃ ಚಾಲನೆಗೊಂಡಾಗ ಈ ಕ್ರಿಯೆ ವಿಫಲವಾದಲ್ಲಿ ದಾಖಲೆಗಳು ಡಿಸ್ಕ್‌ನಲ್ಲಿ ಸುರಕ್ಷಿತವಾಗಿದ್ದರೂ ಪರದೆಯ ಮೇಲೆ ಬರುವುದಿಲ್ಲ. ಅಂದರೆ ದಾಖಲೆ ಕೊಠಡಿ ಹಾಗೆಯೇ ಇದ್ದು ಬೀಗ ಮಾತ್ರ ತೆರೆದಿಲ್ಲವೆಂದು ತಿಳಿಯಬಹುದು.

ಡಿಸ್ಕ್‌ಗಳಿಗೆ ವ್ಯವಸ್ಥೆಯು ಗುರುತಿಸಿದ ಸರದಿಯಂತೆ ಹೆಸರು ಬರುವುದರಿಂದ ಮುಂದಿನ ಚಾಲನೆಯಲ್ಲಿ ಆ ಹೆಸರು ಬದಲಾಗಬಹುದು. ಆದ್ದರಿಂದ ಪ್ರತಿ ಕಡತ ವ್ಯವಸ್ಥೆಗೆ ನೀಡಿರುವ ‘ಯುಯುಐಡಿ’ ಎಂಬ ವಿಶಿಷ್ಟ ಸಂಖ್ಯೆಯನ್ನೇ ಆಧರಿಸುವುದು ಉತ್ತಮ ಪದ್ಧತಿ. ‘ಕೆರೆಯ ಪಕ್ಕದ ಎರಡನೇ ಹೊಲ’ ಎನ್ನುವುದಕ್ಕೂ ಸರ್ವೆ ನಂಬರ್ ಹೇಳುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ವಿದ್ಯುತ್ ಹಠಾತ್ತನೆ ಕಡಿತಗೊಂಡಾಗ ಅರ್ಧಕ್ಕೆ ನಿಂತ ಬರವಣಿಗೆಯಿಂದ ದಾಖಲೆ ಕೆಡದಂತೆ ‘ಜರ್ನಲ್’ ಎಂಬ ಏರ್ಪಾಡು ಇರುತ್ತದೆ. ಲೆಕ್ಕಪತ್ರದಲ್ಲಿ ಮೊದಲು ದಿನವಹಿ ಬರೆದು ನಂತರ ಖಾತೆವಹಿಗೆ ಏರಿಸುವ ಕ್ರಮವನ್ನೇ ಇದು ಹೋಲುತ್ತದೆ. ಕಡತ ವ್ಯವಸ್ಥೆಯ ಜರ್ನಲ್ ಸಾಮಾನ್ಯವಾಗಿ ಆ ವ್ಯವಸ್ಥೆಯ ರಚನೆಯನ್ನು ಕಾಯುತ್ತದೆ. ದತ್ತಸಂಚಯ ತಂತ್ರಾಂಶವು ತನ್ನದೇ ಆದ ಮತ್ತೊಂದು ದಿನವಹಿಯನ್ನು ಇಟ್ಟಿರುತ್ತದೆ. ಮಾರಾಟಗಾರರ ಹೆಸರು ತೆಗೆದು ಖರೀದಿದಾರರ ಹೆಸರು ಸೇರಿಸುವ ಕೆಲಸವನ್ನು ಒಂದೇ ವ್ಯವಹಾರವೆಂದು ಪರಿಗಣಿಸಿದಾಗ, ಅದು ಪೂರ್ಣವಾಗಿ ದಾಖಲಾಗುತ್ತದೆ ಅಥವಾ ಸ್ವಲ್ಪವೂ ದಾಖಲಾಗುವುದಿಲ್ಲ.

4. ಸ್ಥಳದ ಅಭಾವ

ಸೇವೆ ನಿಲ್ಲಲು ಡಿಸ್ಕ್ ಕೆಡಲೇಬೇಕೆಂದಿಲ್ಲ, ತುಂಬಿದರೂ ಸಾಕು. ಸರ್ವರ್ ತನ್ನ ಪ್ರತಿ ಕ್ರಿಯೆಯನ್ನು ‘ಲಾಗ್’ ಕಡತಗಳಲ್ಲಿ ಬರೆದಿಡುತ್ತದೆ. ಜೂನ್‌ ತಿಂಗಳಲ್ಲಿ ವಿದ್ಯಾರ್ಥಿಗಳ ಪ್ರಮಾಣ ಪತ್ರಗಳಿಗೆ, ಮುಂಗಾರಿನಲ್ಲಿ ಕಡಲೆಕಾಯಿ ಬೆಳೆಗಾರರ ವಿಮೆಗೆ ಬೇಡಿಕೆ ಏರಿದಾಗ ಈ ಕಡತಗಳೂ ವೇಗವಾಗಿ ಬೆಳೆಯುತ್ತವೆ. ದತ್ತಾಂಶ ಮತ್ತು ಲಾಗ್ ಒಂದೇ ವಿಭಾಗದಲ್ಲಿದ್ದಲ್ಲಿ, ಲಾಗ್ ತುಂಬಿದ ಕಾರಣದಿಂದ ಹೊಸ ಅರ್ಜಿ ದಾಖಲಾಗದೆ ಹೋಗಬಹುದು. ಹಾಗಾಗಿ ಇವೆರಡನ್ನೂ ಪ್ರತ್ಯೇಕ ವಿಭಾಗಗಳಲ್ಲಿಟ್ಟು ಹಳೆಯ ಲಾಗ್‌ಗಳನ್ನು ಕಾಲಕಾಲಕ್ಕೆ ತೆರವುಗೊಳಿಸುವುದು ಅವಶ್ಯಕ. ಲಿನಕ್ಸ್‌ನ ‘ಇಎಕ್ಸ್‌ಟಿ4’ ಕಡತ ವ್ಯವಸ್ಥೆಯು ಪೂರ್ವನಿಗದಿಯಂತೆ ಶೇ. 5ರಷ್ಟು ಸ್ಥಳವನ್ನು ಮುಖ್ಯ ನಿರ್ವಾಹಕರಿಗಾಗಿ ಕಾಯ್ದಿರಿಸುತ್ತದೆ. ಎಲ್ಲವೂ ತುಂಬಿದ ನಂತರವೂ ದುರಸ್ತಿ ಸಾಧ್ಯವಾಗಲಿ ಎಂಬುದು ಇದರ ಒಂದು ಉದ್ದೇಶ.

ಇನ್ನೊಂದು ಬಗೆಯ ಅಭಾವವೂ ಇದೆ. ಪ್ರತಿ ಕಡತಕ್ಕೆ ‘ಐನೋಡ್’ ಎಂಬ ಸೂಚಿ ನಮೂದು ಬೇಕಾಗುತ್ತದೆ. ಸದರಿ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಪ್ರತಿ 16 ಕಿಲೋಬೈಟ್ ಸ್ಥಳಕ್ಕೆ ಒಂದರಂತೆ ಇವು ಮೊದಲೇ ನಿಗದಿಯಾಗಿರುತ್ತವೆ. ಅತಿ ಚಿಕ್ಕ ತಾತ್ಕಾಲಿಕ ಕಡತಗಳು ಲಕ್ಷಗಟ್ಟಲೆ ಸೇರಿದಾಗ ಡಿಸ್ಕ್‌ನಲ್ಲಿ ಸ್ಥಳ ಉಳಿದಿದ್ದರೂ ಸೂಚಿ ಮುಗಿದಿರುತ್ತದೆ. ಕಪಾಟಿನಲ್ಲಿ ಜಾಗವಿದ್ದು ಸೂಚಿ ವಹಿಯಲ್ಲಿ ಹಾಳೆ ಮುಗಿದಿದ್ದರೆ ಹೊಸ ಕಡತವನ್ನು ದಾಖಲಿಸಲಾಗದು. ಆದಕಾರಣ ನಿರ್ವಾಹಕರು ಸ್ಥಳ ಮತ್ತು ಸೂಚಿ ಎರಡನ್ನೂ ಪರಿಶೀಲಿಸುತ್ತಿರಬೇಕಾಗುತ್ತದೆ.

ಕಂದಾಯ ಇಲಾಖೆಯ ಭೂ ಸುರಕ್ಷಾ ಯೋಜನೆಯು ಪ್ರತಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಪ್ರಾಯೋಗಿಕವಾಗಿ 2024ರಲ್ಲಿ ಆರಂಭವಾಗಿ ನಂತರ ಇತರೆ ತಾಲ್ಲೂಕುಗಳಿಗೆ ವಿಸ್ತರಿಸಿದೆ. ಇದರಡಿ ದಾಖಲೆ ಕೊಠಡಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಒಂದು ಪುಟಕ್ಕೆ 200 ಕಿಲೋಬೈಟ್ ಎಂದು ಭಾವಿಸಿದರೆ 1 ಕೋಟಿ ಪುಟಗಳಿಗೆ 2 ಟೆರಾಬೈಟ್ ಸ್ಥಳ ಬೇಕು. ಮೂರು ಪ್ರತಿಗಳಿಗೆ 6 ಟೆರಾಬೈಟ್ ಆಗುತ್ತದೆ. ಸ್ಕ್ಯಾನ್ ಕಾರ್ಯದ ವೆಚ್ಚ ಒಮ್ಮೆ ಮಾತ್ರ ಬರುವಂಥದ್ದು. ಆ ಪ್ರತಿಗಳನ್ನು ಕಾಪಾಡುವ ವೆಚ್ಚವಾದರೋ ಪ್ರತಿ ವರ್ಷದ ಬಾಬ್ತು.

5. ಜೋಡಿ ಪ್ರತಿ ಬೇರೆ, ಬ್ಯಾಕಪ್ ಬೇರೆ

ಡಿಸ್ಕ್‌ಗಳು ಒಂದಲ್ಲ ಒಂದು ದಿನ ಕೆಡುವ ಸಾಧನಗಳೇ ಆಗಿವೆ. ಈ ಕಾರಣ ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ‘ರೈಡ್’ ಪದ್ಧತಿಯನ್ನು ಅನುಸರಿಸಲಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಅವರು 1988ರಲ್ಲಿ ಈ ಪದ್ಧತಿಯನ್ನು ವಿವರಿಸಿದರು. ರೈಡ್ 1ರಲ್ಲಿ ಒಂದೇ ವಿಷಯ ಎರಡು ಡಿಸ್ಕ್‌ಗಳಲ್ಲಿರುತ್ತದೆ. ರೈಡ್ 5 ಒಂದು ಡಿಸ್ಕ್ ಹಾಗೂ ರೈಡ್ 6 ಎರಡು ಡಿಸ್ಕ್‌ಗಳ ವೈಫಲ್ಯವನ್ನು ತಡೆದುಕೊಳ್ಳುತ್ತವೆ. ಸೂಕ್ತ ಸಲಕರಣೆಯಿದ್ದಲ್ಲಿ ಸೇವೆ ನಿಲ್ಲಿಸದೆಯೇ ಕೆಟ್ಟ ಡಿಸ್ಕ್ ಬದಲಿಸಬಹುದು. ಆದರೆ ಹೊಸ ಡಿಸ್ಕ್‌ಗೆ ದತ್ತಾಂಶ ಮರುತುಂಬಲು ಹಲವು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕಾಗುತ್ತವೆ. ಆ ಅವಧಿಯಲ್ಲಿ ವೇಗ ಕುಗ್ಗಿ ಅಪಾಯ ಹೆಚ್ಚುತ್ತದೆ.

ಮುಖ್ಯ ಅಂಶವೆಂದರೆ, ರೈಡ್ ರಕ್ಷಿಸುವುದು ಡಿಸ್ಕ್‌ನ ವೈಫಲ್ಯದಿಂದ ಮಾತ್ರ. ತಪ್ಪಾಗಿ ಅಳಿಸಿದ ದಾಖಲೆಯು ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣದಲ್ಲಿ ಅಳಿಯುತ್ತದೆ. ತಪ್ಪು ಹೆಸರು ಎರಡರಲ್ಲಿಯೂ ತಪ್ಪಾಗಿಯೇ ಉಳಿಯುತ್ತದೆ. ಅದಕ್ಕಾಗಿ ಹಿಂದಿನ ದಿನಗಳ ಪ್ರತಿಗಳನ್ನು ಬೇರೆ ಸಾಧನದಲ್ಲಿ, ಬೇರೆ ಊರಿನಲ್ಲಿ ಇಡುವ ಬ್ಯಾಕಪ್ ಅವಶ್ಯಕ. ಆ ಬ್ಯಾಕಪ್‌ನಿಂದ ದಾಖಲೆ ಮರಳಿ ಬರುವುದೇ ಎಂಬುದನ್ನು ಆಗಾಗ್ಗೆ ಪರೀಕ್ಷಿಸುವುದೂ ಅಷ್ಟೇ ಅವಶ್ಯಕ.

ಈ ಎಚ್ಚರಿಕೆ ತಪ್ಪಿದಾಗ ಆಗುವ ಪರಿಣಾಮಕ್ಕೆ ಇತ್ತೀಚಿನ ಎರಡು ನಿದರ್ಶನಗಳಿವೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ದತ್ತಸಂಚಯದ ಕೋಶವೊಂದು ಕಣ್ತಪ್ಪಿನಿಂದ ಅಳಿಸಿಹೋಯಿತು. ಸಂಸ್ಥೆಯ ಹಲವು ಬ್ಯಾಕಪ್ ವಿಧಾನಗಳು ಕೆಲಸ ಮಾಡುತ್ತಿರಲಿಲ್ಲವೆಂಬುದು ಆಗಲೇ ತಿಳಿದುಬಂದು, ಸುಮಾರು 6 ಗಂಟೆಗಳ ದತ್ತಾಂಶ ನಷ್ಟವಾಯಿತು. ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬ್ಯಾಟರಿಗಳಿಂದ ಬೆಂಕಿ ಕಾಣಿಸಿಕೊಂಡು 709 ಸರ್ಕಾರಿ ವ್ಯವಸ್ಥೆಗಳು ಸ್ಥಗಿತಗೊಂಡವು. ಅಧಿಕಾರಿಗಳ ಕಡತಗಳಿದ್ದ 858 ಟೆರಾಬೈಟ್ ಸಂಗ್ರಹಕ್ಕೆ ಹೊರಗಡೆ ಬ್ಯಾಕಪ್ ಇಲ್ಲದ ಕಾರಣ ಅದು ನಾಶವಾಯಿತು. ತಂತ್ರಜ್ಞಾನದಲ್ಲಿ ಮುಂದುವರಿದ ದೇಶದಲ್ಲಿಯೂ ಎರಡನೆಯ ಊರಿನ ಪ್ರತಿಗೆ ಪರ್ಯಾಯವಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ರಾಜ್ಯದಲ್ಲಿಯೇ ಇದೆ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶವು 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಡಿಡಿಒಎಸ್ ದಾಳಿಗೆ ಒಳಗಾಗಿ ನೋಂದಣಿ ಕಾರ್ಯಕ್ಕೆ ತೀವ್ರ ಅಡಚಣೆಯಾಯಿತು. ಸುಳ್ಳು ಕೋರಿಕೆಗಳ ಪ್ರವಾಹದಿಂದ ಬಾಗಿಲಲ್ಲೇ ದಟ್ಟಣೆ ಉಂಟುಮಾಡುವುದು ಈ ದಾಳಿಯ ಸ್ವರೂಪ. ಇಂತಹ ದಾಳಿಯಲ್ಲಿ ಒಳಗಿನ ದಾಖಲೆ ನಾಶವಾಗಬೇಕೆಂದಿಲ್ಲ. ಸೇವೆ ನಿಂತಿದೆ ಎಂದಾಕ್ಷಣ ದಾಖಲೆ ಹೋಯಿತೆಂದು ಭಾವಿಸಲಾಗದು. ಸೇವೆ ನಡೆಯುತ್ತಿದೆ ಎಂದಾಕ್ಷಣ ದಾಖಲೆ ಸರಿಯಾಗಿದೆಯೆಂದೂ ಭಾವಿಸಲಾಗದು.

6. ವಿಳಂಬದ ಲೆಕ್ಕ

ಸಕಾಲ ಸೇವೆಗಳ ವ್ಯವಸ್ಥೆಯು 2011ರ ಅಧಿನಿಯಮದಡಿ 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಗೆ ಬಂದಿದೆ. ಅರ್ಜಿ ಸ್ವೀಕೃತವಾದಾಗ 15 ಅಂಕಿಗಳ ಸಂಖ್ಯೆ ನೀಡಲಾಗುತ್ತದೆ. ನಿಗದಿತ ಅವಧಿ ಮೀರಿದಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳ ಪರಿಹಾರಕ್ಕೆ ಅವಕಾಶವಿದೆ. ಆದರೆ ಈ ಲೆಕ್ಕ ಆರಂಭವಾಗುವುದು ಅರ್ಜಿ ಸಲ್ಲಿಕೆಯಾದ ದಿನದಿಂದ. ‘ಸರ್ವರ್ ಇಲ್ಲ’ ಎಂದು ಅರ್ಜಿ ಸ್ವೀಕರಿಸದೆ ಕಳುಹಿಸಿದ ದಿನಕ್ಕೆ ಯಾವ ಸಂಖ್ಯೆಯೂ ಇರುವುದಿಲ್ಲ. ಆ ದಿನ ಅರ್ಜಿದಾರರ ಕೂಲಿಯಲ್ಲಿ ಕಳೆಯುತ್ತದೆ, ಕಚೇರಿಯ ವಿಳಂಬದ ಪಟ್ಟಿಯಲ್ಲಿ ಸೇರುವುದಿಲ್ಲ. ಸೇವೆಯ ಗುಣಮಟ್ಟವನ್ನು ಅಳೆಯುವಾಗ ವಿಲೇವಾರಿಯಾದ ಅರ್ಜಿಗಳ ಜೊತೆಗೆ ಸರ್ವರ್ ಲಭ್ಯವಿಲ್ಲದ ಗಂಟೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಚಿತ್ರ ಪೂರ್ಣವಾಗುತ್ತದೆ.

7. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಅ) ಸರ್ವರ್ ಲಭ್ಯವಿಲ್ಲದ ದಿನ ಸಾಧ್ಯವಾದಲ್ಲಿ ಅರ್ಜಿಯನ್ನು ಲಿಖಿತವಾಗಿ ಸಲ್ಲಿಸಿ ದಿನಾಂಕಸಹಿತ ಸ್ವೀಕೃತಿ ಕೋರುವುದು. ಕೊನೆಯ ದಿನಾಂಕವಿರುವ ಸೇವೆಗಳಲ್ಲಿ ಇದು ಬಹಳ ಮುಖ್ಯ.

(ಆ) ಅರ್ಜಿ ಸ್ವೀಕೃತವಾದ ಕೂಡಲೇ ಸಂಖ್ಯೆಯನ್ನು ಪಡೆದು, ಕಾರ್ಯ ಮುಗಿಯುವವರೆಗೆ ಜೋಪಾನವಾಗಿಡುವುದು.

(ಇ) ವರ್ಷಕ್ಕೊಮ್ಮೆಯಾದರೂ ಪಹಣಿ ಪಡೆದು ಹೆಸರು, ಸರ್ವೆ ನಂಬರ್, ವಿಸ್ತೀರ್ಣ ಮತ್ತು ಋಣದ ಕಾಲಂಗಳನ್ನು ಹಿಂದಿನ ಪ್ರತಿಯೊಂದಿಗೆ ಹೋಲಿಸಿ ನೋಡುವುದು. ಹಳೆಯ ಪ್ರತಿಗಳನ್ನು ಬಿಸಾಡಬಾರದು.

(ಈ) ನಮೂದಿನಲ್ಲಿ ದೋಷ ಕಂಡುಬಂದಲ್ಲಿ ಅದನ್ನು ಸರ್ವರ್ ಸಮಸ್ಯೆಯೆಂದು ಭಾವಿಸಿ ಕಾಯಬಾರದು. ತಿದ್ದುಪಡಿಗಾಗಿ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸುವುದು. ಹಕ್ಕು ಬದಲಾವಣೆಯ ಆದೇಶದ ವಿರುದ್ಧ ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 136(2)ರಂತೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಕಂಡ ನಾಲ್ಕೂ ತಾಲ್ಲೂಕುಗಳಿಗೆ ಉಪವಿಭಾಗಾಧಿಕಾರಿಗಳ ಕಚೇರಿ ಮಧುಗಿರಿಯಲ್ಲಿದೆ.

8. ಉಪಸಂಹಾರ

ಡಿಸ್ಕ್ ತನಗೆ ಒಪ್ಪಿಸಿದ್ದನ್ನು ಕಾಪಾಡುತ್ತದೆ. ಒಪ್ಪಿಸಿದ್ದು ಸರಿಯೋ ತಪ್ಪೋ ಎಂಬುದನ್ನು ಅದು ಅರಿಯದು. ಡಿಸ್ಕ್, ಜೋಡಿ ಪ್ರತಿ ಹಾಗೂ ದೂರದ ಊರಿನ ಬ್ಯಾಕಪ್ ಇವುಗಳ ನಿರ್ವಹಣೆ ಸರ್ಕಾರದ ಹೊಣೆಯಾಗಿದ್ದು, ಅದರಲ್ಲಿ ಅರ್ಜಿದಾರರ ಪಾತ್ರವಿರುವುದಿಲ್ಲ. ನಮೂದಿನ ಸತ್ಯಾಸತ್ಯತೆಯನ್ನು ಮೊದಲು ಗುರುತಿಸಬಲ್ಲವರು ಮಾತ್ರ ಆ ಜಮೀನಿನ ಹಕ್ಕುದಾರರೇ ಆಗಿರುತ್ತಾರೆ. ಆದ್ದರಿಂದ ಸಾರ್ವಜನಿಕರು ಸರ್ವರ್ ನಿಂತ ದಿನ ಸ್ವೀಕೃತಿಯನ್ನು ಕೇಳಿ ಪಡೆಯುವುದು ಹಾಗೂ ಸರ್ವರ್ ನಡೆಯುವ ದಿನ ಪಹಣಿಯನ್ನು ಓದಿ ನೋಡುವುದು ಸೂಕ್ತವಾಗಿರುತ್ತದೆ.